ನಾಳೆ ಭಾನುವಾರ, ಹೆಂಡತಿಗೆ 35ನೇ ವಾರ: ಮೈಸೂರಿಂದ ಎಲ್ಲಿಗೆ ಹೋಗಿ ಬರಬಹುದು?

ಕುಕ್ಕರಹಳ್ಳಿ ದಂಡೆ · ಶನಿವಾರ ಸಂಜೆ 5:40

ವಿಷಯ ಇಷ್ಟು. 35 ವಾರ 2 ದಿನ, ಎರಡನೇ ಹೆರಿಗೆ, ಮೊದಲನೆಯದು ನಾರ್ಮಲ್. ಬಿಪಿ, ಶುಗರ್ ಸರಿ ಇದೆ. ಮಾಸು ಮೇಲ್ಭಾಗದಲ್ಲಿದೆ ಅಂತ ಸ್ಕ್ಯಾನ್ ವರದಿ. ಮಗನಿಗೆ 4 ವರ್ಷ. ಬುಧವಾರ ಅತ್ತೆ ಬಾಣಂತನಕ್ಕೆ ಬರ್ತಾರೆ, ಆಮೇಲೆ ಮೂವರೇ ಹೊರಗೆ ಹೋಗೋ ಮಾತಿಲ್ಲ. ಹಾಗಾಗಿ ನಾಳೆಯೇ ಎಲ್ಲಾದ್ರೂ ಹೋಗಿ ಬರೋಣ ಅಂತ ಈಗ ತಾನೇ ಮಾತಾಯ್ತು. ಸಣ್ಣ ಹ್ಯಾಚ್‌ಬ್ಯಾಕ್ ಕಾರಿದೆ. ಮಡಿಕೇರಿ, ತಲಕಾಡು, ಸೋಮನಾಥಪುರ, ರಂಗನತಿಟ್ಟು ತಲೆಯಲ್ಲಿವೆ. ಯಾವುದು ಆಗುತ್ತೆ, ಯಾವುದು ಬೇಡ, ಯಾಕೆ ಅಂತ ಹೇಳಿ.

---

ಲೇಬರ್ ವಾರ್ಡ್ ನೈಟ್ ಡ್ಯೂಟಿ · 5:58

ಜಾಗ ಆಮೇಲೆ. ಮೊದಲು ಇವತ್ತೇ ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ. "ಹೋಗಬಹುದಾ" ಅಂತ ಸುಮ್ಮನೆ ಕೇಳಿದ್ರೆ "ನೋಡ್ಕೊಂಡು ಹೋಗಿ" ಅನ್ನೋ ಉತ್ತರ ಬರುತ್ತೆ, ಅದರಿಂದ ಏನೂ ಪ್ರಯೋಜನ ಇಲ್ಲ. ಹೀಗೆ ಕೇಳಿ: "ಕಾರಲ್ಲಿ 40 ನಿಮಿಷ ಹೋಗಿ, ಎರಡು ಗಂಟೆ ಇದ್ದು, 40 ನಿಮಿಷ ವಾಪಸ್. ನನ್ನ ಫೈಲ್‌ನಲ್ಲಿ ಇದಕ್ಕೆ ಅಡ್ಡ ಬರೋದು ಏನಾದ್ರೂ ಇದೆಯಾ?" ಆಗ ಅವರು ಫೈಲ್ ನೆನಪು ಮಾಡ್ಕೊಂಡು ಹೇಳ್ತಾರೆ.

ಮಾಸು ಕೆಳಗಿದ್ರೆ, ಈ ಬಸುರಲ್ಲಿ ಯಾವಾಗಾದ್ರೂ ರಕ್ತ ಹೋಗಿದ್ರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ರೆ, ಅವಳಿ ಇದ್ರೆ, ಬಿಪಿ ಮಾತ್ರೆ ನಡೀತಿದ್ರೆ, ಹಿಂದಿನ ಹೆರಿಗೆ 37 ವಾರಕ್ಕೆ ಮುಂಚೆ ಆಗಿದ್ರೆ ಡಾಕ್ಟರ್ ಬಿಡಿಸಿ ಹೇಳದೆ ಊರು ಬಿಡಬೇಡಿ. ಇವು ಯಾವೂ ಇಲ್ಲದಿದ್ರೂ ಎರಡನೇ ಹೆರಿಗೆ ಅನ್ನೋದನ್ನ ಮರೀಬೇಡಿ. ಚೊಚ್ಚಲಲ್ಲಿ ನೋವು ಶುರುವಾಗಿ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ಹಿಡಿಯೋದು ಸಾಮಾನ್ಯ. ಎರಡನೆಯದು ಅದರ ಅರ್ಧಕ್ಕೇ ಮುಗಿಯಬಹುದು, ಕೆಲವು ಸಲ ಇನ್ನೂ ಬೇಗ. ಅದಕ್ಕೇ ಹೆಸರು ಬರೆಸಿರೋ ಆಸ್ಪತ್ರೆಯಿಂದ 45 ನಿಮಿಷದೊಳಗಿನ ಜಾಗ ಮಾತ್ರ ನೋಡಿ. ಇದು ಪುಸ್ತಕದ ನಿಯಮ ಅಲ್ಲ, ಲೆಕ್ಕಾಚಾರ. 35 ವಾರಕ್ಕೆ ಹುಟ್ಟೋ ಮಗುಗೆ ಉಸಿರಾಟಕ್ಕೆ, ಮೈ ಬೆಚ್ಚಗಿಡೋದಕ್ಕೆ, ಹಾಲು ಕುಡಿಯೋದಕ್ಕೆ ಸಹಾಯ ಬೇಕಾಗಬಹುದು. ನವಜಾತ ಶಿಶುಗಳ ಐಸಿಯು ಇರೋ ಕಡೆಗೇ ಹೋಗಬೇಕು. ತಾಲ್ಲೂಕು ಆಸ್ಪತ್ರೆ ಹತ್ತಿರ ಇದೆ ಅನ್ನೋದು ಅರ್ಧ ಸಮಾಧಾನ ಅಷ್ಟೇ.

---

ಕಾಫಿ ಹೂವು · 6:05

ಫೆಬ್ರವರಿಯಲ್ಲಿ ಮಡಿಕೇರಿ ತಂಪಾಗಿರುತ್ತೆ ಅಲ್ವಾ? ಬೆಳಿಗ್ಗೆ 6ಕ್ಕೆ ಬಿಟ್ರೆ 9ಕ್ಕೆ ಅಲ್ಲಿರಬಹುದು. ತಂಪು ಒಳ್ಳೇದು ತಾನೇ.

---

ಸ್ಟೀರಿಂಗ್ ಹಿಂದೆ · 6:20

ತಂಪು ಒಳ್ಳೇದು, ದಾರಿ ಒಳ್ಳೇದಲ್ಲ. ಮೈಸೂರು–ಮಡಿಕೇರಿ ಸುಮಾರು 120 ಕಿ.ಮೀ. ಕುಶಾಲನಗರ ದಾಟಿದ ಮೇಲೆ ತಿರುವಿನ ಏರುದಾರಿ. ಹೋಗಿಬರೋಕೇ ಆರು ಗಂಟೆ ಕೂತಲ್ಲೇ ಕೂರಬೇಕು. ಬಸುರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಮೊದಲೇ ಹೆಚ್ಚು, ಕಾಲು ಮಡಿಸಿ ಗಂಟೆಗಟ್ಟಲೆ ಕೂತ್ರೆ ಇನ್ನೂ ಹೆಚ್ಚು. ಊಟಿ ಅಂತ ಯಾರಾದ್ರೂ ಹೇಳೋ ಮುಂಚೆ ಅದನ್ನೂ ಹೇಳಿಬಿಡ್ತೀನಿ: ಬಂಡೀಪುರದ ಕಾಡಲ್ಲಿ ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ, ಮಸಿನಗುಡಿ ಕಡೆಯಿಂದ ಹತ್ತಿದ್ರೆ ಕಲ್ಲಟ್ಟಿ ಘಾಟಲ್ಲಿ 36 ಹೇರ್‌ಪಿನ್ ತಿರುವು. ತಲಕಾಡಲ್ಲಿ ದೇವಸ್ಥಾನದಿಂದ ದೇವಸ್ಥಾನಕ್ಕೆ ಮರಳಲ್ಲೇ ನಡೀಬೇಕು. ಪ್ರತಿ ಹೆಜ್ಜೆಗೂ ಕಾಲು ಹೂತು ಸೊಂಟ ಎಳೆಯುತ್ತೆ. ಮಾಮೂಲಿ ದಿನದಲ್ಲೇ ಸುಸ್ತು.

ಈಗ ಗಾಡಿ. ಬೆಲ್ಟ್ ಬಗ್ಗೆ ಜನ ಹೇಳೋದರಲ್ಲಿ ಅರ್ಧ ತಪ್ಪು, ಅದಕ್ಕೆ ಬಿಡಿಸಿ ಬರೀತೀನಿ.

ಕೆಳಗಿನ ಪಟ್ಟಿ ಹೊಟ್ಟೆ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ, ಎರಡೂ ಕಡೆ ಸೊಂಟದ ಮೂಳೆ ಹಿಡಿದುಕೊಳ್ಳೋ ಹಾಗೆ ತೊಡೆಗೆ ಒತ್ತಿ ಕೂರಬೇಕು. ಮೇಲಿನ ಪಟ್ಟಿ ಭುಜದಿಂದ ಎರಡು ಎದೆಗಳ ನಡುವೆ ಇಳಿದು ಹೊಟ್ಟೆಯ ಪಕ್ಕಕ್ಕೆ ಹೋಗಬೇಕು. ಕಂಕುಳ ಕೆಳಗೆ, ಬೆನ್ನ ಹಿಂದೆ ಹಾಕೋದು ಬೇಡ. ಮೊದಲು ಹಿಂದಕ್ಕೆ ಸರಿದು ಬೆನ್ನು ಸೀಟಿಗೆ ತಾಗಿಸಿ ಕೂರಲಿ, ಆಮೇಲೆ ಬೆಲ್ಟ್ ಹಾಕಿ ಭುಜದ ಕಡೆಯಿಂದ ಎಳೆದು ಸಡಿಲ ತೆಗೀಬೇಕು. ಬೆಲ್ಟ್ ಹಾಕಿ ಆಮೇಲೆ ಸರಿದು ಕೂತ್ರೆ ಕೆಳಗಿನ ಪಟ್ಟಿ ತಾನಾಗೇ ಹೊಟ್ಟೆ ಮೇಲೆ ಏರುತ್ತೆ. ಸೀರೆ ನೆರಿಗೆ, ದಪ್ಪ ಸ್ವೆಟರ್ ಇದ್ರೂ ಅಷ್ಟೇ, ಬೆಲ್ಟ್ ಜಾರುತ್ತೆ. ಸಡಿಲ ಹತ್ತಿ ಕುರ್ತಾ ಹಾಕ್ಕೊಳ್ಳಲಿ.

ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ. ಏರ್‌ಬ್ಯಾಗ್ ಮುಚ್ಚಳಕ್ಕೂ ಎದೆಗೂ 25 ಸೆಂ.ಮೀ.ಗಿಂತ ಕಡಿಮೆ ಅಂತರ ಇರಬಾರದು. ಬಸುರಿ ಅಂತ ಏರ್‌ಬ್ಯಾಗ್ ಆಫ್ ಮಾಡಬೇಡಿ. ಸೀಟು ಮಲಗಿಸಬೇಡಿ, ಬ್ರೇಕ್ ಹಾಕಿದಾಗ ಮೈ ಬೆಲ್ಟ್ ಕೆಳಗೆ ಜಾರುತ್ತೆ. ಬೆನ್ನಿಗೆ ದಪ್ಪ ದಿಂಬೂ ಬೇಡ. ಕೈ ಒರೆಸೋ ಟವೆಲ್ ಸುತ್ತಿ ಸೊಂಟದ ಗುಳಿಗೆ ಇಟ್ರೆ ಸಾಕು. "ಹಿಂದಿನ ಸೀಟಲ್ಲಿ ಎಡಮಗ್ಗುಲಾಗಿ ಮಲಗಿ ಬರಲಿ" ಅಂತ ಹಿರಿಯರು ಪ್ರೀತಿಯಿಂದ ಹೇಳ್ತಾರೆ. ಮನೇಲಿ ಎಡಮಗ್ಗುಲು ಸರಿ, ಓಡೋ ಕಾರಲ್ಲಿ ಬೆಲ್ಟ್ ಇಲ್ಲದೆ ಮಲಗೋದು ಎಲ್ಲಕ್ಕಿಂತ ಅಪಾಯ.

ಟೈರ್ ಗಾಳಿ ಡ್ರೈವರ್ ಬಾಗಿಲ ಹತ್ತಿರ ಇರೋ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟೇ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಿ. ಬಂಕಲ್ಲಿ "ಇರಲಿ ಸಾರ್" ಅಂತ ಮೂರು ನಾಲ್ಕು ಪಾಯಿಂಟ್ ಜಾಸ್ತಿ ಹೊಡೀತಾರೆ, ಹಂಪ್ ಮೇಲೆ ಅದರ ಏಟು ನೇರ ಸೊಂಟಕ್ಕೆ. ಹಂಪ್ ಹಾರಿದ್ದಕ್ಕೇ ಹೆರಿಗೆ ಶುರುವಾಗಲ್ಲ, ಆ ಭಯ ಬೇಡ. ಆದ್ರೆ ಈ ವಾರಗಳಲ್ಲಿ ಮುಂಭಾಗದ ಸೊಂಟದ ಕೀಲು ಸಡಿಲ ಆಗಿರುತ್ತೆ, ಒಂದು ಜೋರು ಕುಲುಕಾಟಕ್ಕೆ ಎರಡು ದಿನ ನೋವು. ಹಳ್ಳಿ ಹತ್ತಿರ ಬಣ್ಣ ಬಳಿಯದ ಹಂಪ್‌ಗಳಿರುತ್ತವೆ. ಮುಂದಿನ ಗಾಡಿಯ ಬ್ರೇಕ್ ದೀಪ ನೋಡ್ಕೊಂಡು ಹೋಗಿ, ಸೆಕೆಂಡ್ ಗೇರಿಗೆ ಇಳಿಸಿ ಹತ್ತಿಸಿ.

---

ದುರ್ಬೀನು · 6:41

ಹಾಗಾದ್ರೆ ರಂಗನತಿಟ್ಟು. ಮೈಸೂರಿಂದ 20 ಕಿ.ಮೀ. ಒಳಗೇ. ಫೆಬ್ರವರಿ ಅಲ್ಲಿಗೆ ಹೇಳಿ ಮಾಡಿಸಿದ ತಿಂಗಳು. ಬಣ್ಣದ ಕೊಕ್ಕರೆಗಳು ಗೂಡಲ್ಲಿರುತ್ತವೆ, ಹೆಜ್ಜಾರ್ಲೆಗಳು (ಪೆಲಿಕನ್) ಕಡ್ಡಿ ಕಚ್ಚಿಕೊಂಡು ಹಾರಾಡುತ್ತಿರುತ್ತವೆ, ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸ್ತಿರುತ್ತೆ. ನಾಲ್ಕು ವರ್ಷದ ಹುಡುಗನಿಗೆ ಇನ್ನೇನು ಬೇಕು. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿಂದ ಆದ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ನೋಡಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ.

ಬಸುರಿಗೆ ಅನುಕೂಲ ಏನು ಅಂದ್ರೆ, ಪಾರ್ಕಿಂಗ್‌ನಿಂದ ಹೊಳೆ ದಂಡೆವರೆಗೆ ಸಮತಟ್ಟು ದಾರಿ, ಬಿದಿರು ಮೆಳೆ ನೆರಳು, ಕೂರೋಕೆ ಬೆಂಚು. ದಂಡೆಯಿಂದಲೇ ಗೂಡುಗಳು ಕಾಣುತ್ತವೆ. ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋಗಿ. ಭಾನುವಾರ 10ರ ಮೇಲೆ ಬೆಂಗಳೂರಿನ ಜನ ಬಂದಿಳಿದ್ರೆ ದೋಣಿಗೆ ಸಾಲು, ಟಾಯ್ಲೆಟ್‌ಗೂ ಸಾಲು.

ದೋಣಿ ಮಾತ್ರ ಅವರಿಗೆ ಬೇಡ. ಹೊಳೆ ಆಳ ಅಂತಲ್ಲ. ದಂಡೆಯಿಂದ ದೋಣಿಗೆ ಇಳಿಯೋ ಆ ಒಂದು ಹೆಜ್ಜೆಯೇ ತೊಡಕು. 35 ವಾರಕ್ಕೆ ಮೈಭಾರದ ಕೇಂದ್ರ ಮುಂದಕ್ಕೆ ಬಂದಿರುತ್ತೆ, ಕಾಲು ಎಲ್ಲಿಡ್ತಿದ್ದೀವಿ ಅಂತ ಹೊಟ್ಟೆ ಅಡ್ಡ ಬಂದು ಕಾಣಲ್ಲ, ಕಾಲಿಟ್ಟ ಕೂಡಲೇ ದೋಣಿ ಆ ಕಡೆ ವಾಲುತ್ತೆ. ಲೈಫ್ ಜಾಕೆಟ್‌ನ ಕೆಳಗಿನ ಪಟ್ಟಿ ಹೊಟ್ಟೆ ಮೇಲೆ ಬಿಗೀಬೇಕಾಗುತ್ತೆ, ಬಿಗಿಯದಿದ್ರೆ ಜಾಕೆಟ್ ಹಾಕಿಯೂ ಉಪಯೋಗ ಇಲ್ಲ. ಅಪ್ಪ ಮಗ ಒಂದು ಸುತ್ತು ಹೋಗಿ ಬನ್ನಿ, ಅವರು ಬಿದಿರ ಕೆಳಗೆ ಕೂತು ನಿಮಗೆ ಕೈಬೀಸಲಿ. ಹಕ್ಕಿ ಕೂತಿರೋ ಮರದ ಕೆಳಗಲ್ಲ, ಕೂರೋ ಮುಂಚೆ ಬೆಂಚು ನೋಡಿದ್ರೆ ಯಾಕೆ ಅಂತ ತಿಳಿಯುತ್ತೆ.

---

ಕುಕ್ಕರಹಳ್ಳಿ ದಂಡೆ · 6:55

ಇಷ್ಟು ಚುರುಕಾಗಿ ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಅವಳಿಗೆ ಸೋಮನಾಥಪುರದ ಆಸೆ ಹೆಚ್ಚು. ಅದು ಬೇಡವೇ ಬೇಡ ಅಂತೀರಾ?

---

ಸ್ಟೀರಿಂಗ್ ಹಿಂದೆ · 7:04

ಬೇಡ ಅನ್ನಲ್ಲ, ಎರಡನೇ ಆಯ್ಕೆ. ಬನ್ನೂರು ಮೇಲೆ ಸುಮಾರು 35 ಕಿ.ಮೀ. ಹಳ್ಳಿ, ಹಂಪ್, ಕಬ್ಬಿನ ಗಾಡಿ ಸೇರಿ 50–60 ನಿಮಿಷ. ನೈಟ್ ಡ್ಯೂಟಿ ಮೇಡಂ ಹೇಳಿದ 45ರ ಗೆರೆ ದಾಟುತ್ತೆ.

---

ಹಳೇ ಅಗ್ರಹಾರ · 7:15

ಜಾಗದ ಮಟ್ಟಿಗೆ ಸೋಮನಾಥಪುರ ಸುಲಭವೇ. 1268ರ ದೇವಸ್ಥಾನ, ಮೂರನೇ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪೂಜೆ ಇಲ್ಲ, ಹಾಗಾಗಿ ನೂಕುನುಗ್ಗಲು ಇಲ್ಲ. ಜಗತಿಗೆ (ದೇವಸ್ಥಾನ ನಿಂತಿರೋ ಕಟ್ಟೆಗೆ) ಹತ್ತೋ ಕೆಲವೇ ಮೆಟ್ಟಿಲು. ತೊಂದರೆ ಕಲ್ಲಿನದು. ಚಪ್ಪಲಿ ಬಿಡಬೇಕು, 11 ಗಂಟೆ ಆದ್ರೆ ನೆಲದ ಕಲ್ಲು ಸುಡುತ್ತೆ, ಕಾಲು ಎತ್ತಿ ಎತ್ತಿ ಓಡೋ ಹಾಗಾಗುತ್ತೆ. ಬಸುರಿ ಹಾಗೆ ಓಡಬಾರದು. ದಪ್ಪ ಹತ್ತಿ ಕಾಲುಚೀಲ ಇಟ್ಕೊಂಡು ಹೋಗಿ. ಒಳಗೆ ನವರಂಗದಲ್ಲಿ (ಕಂಬಗಳ ಮಂಟಪದಲ್ಲಿ) ಕತ್ತಲು, ಹೊಸ್ತಿಲು ಎತ್ತರ. ಬಿಸಿಲಿಂದ ಒಳಕ್ಕೆ ಹೋದ ಕೂಡಲೇ ಕಣ್ಣು ಕಾಣಲ್ಲ, ಅರ್ಧ ನಿಮಿಷ ನಿಂತು ಆಮೇಲೆ ಹೆಜ್ಜೆ ಇಡಿ. ತಲೆ ಎತ್ತಿ ಛಾವಣಿ ನೋಡುವಾಗ ಕಂಬ ಹಿಡಿದುಕೊಳ್ಳಲಿ, ತಲೆ ಸುತ್ತು ಬರೋದು ಅಲ್ಲೇ.

ಇನ್ನೊಂದು. ಅತ್ತೆ ಬರೋ ಮುಂಚೆ ಹೋಗಿ ಬಂದ್ವಿ ಅಂತ ಗೊತ್ತಾದಾಗ "ಏಳು ತುಂಬಿದ ಮೇಲೆ ಹೊಳೆ ದಾಟಿಸಿದ್ಯೇನಪ್ಪ" ಅಂತಾರೆ, ತಯಾರಾಗಿರಿ. ಆ ಮಾತನ್ನ ನಗೆಯಾಡೋದು ಬೇಡ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟೋದು ಅಂದ್ರೆ ಹರಿಗೋಲು, ಆ ದಡದಲ್ಲಿ ಸೂಲಗಿತ್ತಿ ಇಲ್ಲ, ರಾತ್ರಿ ಆದ್ರೆ ಅಂಬಿಗನೂ ಇಲ್ಲ. ಸಹಾಯ ಸಿಗೋ ದಡ ಬಿಟ್ಟು ಹೋಗಬೇಡ ಅನ್ನೋದೇ ಅದರ ತಿರುಳು. ನೈಟ್ ಡ್ಯೂಟಿ ಮೇಡಂ 45 ನಿಮಿಷ ಅಂದಿದ್ದೂ ಅದನ್ನೇ.

---

ದುರ್ಬೀನು · 7:22

ಅಗ್ರಹಾರದ ಸರ್, ರಂಗನತಿಟ್ಟಿಗೆ ಮೈಸೂರು ಕಡೆಯಿಂದ ಹೋದ್ರೆ ಹೊಳೆ ದಾಟೋದೇ ಬೇಡ. ಪಾಲಹಳ್ಳಿ ಕಡೆಗೆ ತಿರುಗಿಕೊಂಡ್ರೆ ಅದೇ ದಡ. ದ್ವೀಪ ಇರೋದು ಶ್ರೀರಂಗಪಟ್ಟಣ. ಅತ್ತೆಗೆ ಧೈರ್ಯವಾಗಿ ಹೇಳಬಹುದು!

---

ಬಾಲವಾಡಿ ಮಿಸ್ · 7:30

ಎಲ್ಲರೂ ಅಮ್ಮನ ಬಗ್ಗೆ ಬರೀತಿದ್ದೀರಿ. ನಾಳೆಯ ದಿನ ಇರೋದು ಆ ಹುಡುಗನಿಗೆ, ಅವನ ಬಗ್ಗೆ ನಾಲ್ಕು ಮಾತು.

"ನಾಳೆ ಹೋಗ್ತೀವಿ" ಅಂತ ರಾತ್ರಿ ಹೇಳಬೇಡಿ. ನಿದ್ದೆ ಮಾಡಲ್ಲ, ಅಕಸ್ಮಾತ್ ಹೋಗದಿದ್ರೆ ಅಳು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಹೇಳಿ. "ಪಾಪು ಬರೋ ಮುಂಚೆ ಕೊನೇ ಸಲ" ಅನ್ನೋ ಮಾತು ಅವನ ಕಿವಿಗೆ ಬೀಳದಿರಲಿ. ಪಾಪು ಬಂದ್ರೆ ತಿರುಗಾಟ ನಿಲ್ಲುತ್ತೆ ಅಂತ ಮಕ್ಕಳು ನೇರವಾಗಿ ಅರ್ಥ ಮಾಡ್ಕೋತಾರೆ, ಸಿಟ್ಟು ಆಮೇಲೆ ಪಾಪು ಮೇಲೆ ಬರುತ್ತೆ. ದಾರಿಯಲ್ಲೆಲ್ಲ "ನೀನು ಅಣ್ಣ ಆಗ್ತೀಯಾ" ಅಂತ ಪಾಠ ಮಾಡೋದೂ ಬೇಡ. ಗೂಡು, ಮೊಟ್ಟೆ, ಮರಿ ಕಣ್ಣಮುಂದೆ ಇರುತ್ತವೆ, ಅವನೇ ಏನಾದ್ರೂ ಕೇಳಿದ್ರೆ ಕೇಳಿದಷ್ಟಕ್ಕೆ ಹೇಳಿ.

ಎತ್ತಿಕೊಳ್ಳೋ ವಿಷಯ ಮನೆಯಲ್ಲೇ ತೀರ್ಮಾನ ಆಗಲಿ. 4 ವರ್ಷದ ಮಗು 15–16 ಕಿಲೋ ಇರುತ್ತೆ. "ಇವತ್ತು ಅಪ್ಪನ ಹೆಗಲು, ಅಮ್ಮನ ಕೈ" ಅಂತ ಮೊದಲೇ ಹೇಳಿಡಿ. ಸುಸ್ತಾದಾಗ ಹೇಳಿದ್ರೆ ಕೇಳಲ್ಲ. ಅಮ್ಮನ ತೊಡೆ ಮೇಲೆ ಕಾರಲ್ಲಿ ಕೂರಿಸೋದಂತೂ ಇಲ್ಲವೇ ಇಲ್ಲ. ಬ್ರೇಕ್ ಹಾಕಿದ್ರೆ ಅವನ ಭಾರ ಪೂರ್ತಿ ಹೊಟ್ಟೆಗೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ರೆ ಸಾವಿರ ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 194ಬಿ ಹೇಳುತ್ತೆ, ದಂಡ ಯಾರೂ ಹಾಕಲ್ಲ ಅನ್ನೋದು ಬೇರೆ ಮಾತು.

ವಾಂತಿ ಮಾಡೋ ಮಗುವಾದ್ರೆ ಹೊರಡೋ ಮುಂಚೆ ಹಾಲು ಬೇಡ. ಒಂದು ಇಡ್ಲಿ, ಅರ್ಧ ಬಾಳೆಹಣ್ಣು. ಮೊಬೈಲ್ ಕೈಗೆ ಕೊಡಬೇಡಿ, ತಲೆ ತಗ್ಗಿಸಿ ನೋಡಿದಷ್ಟೂ ಹೊಟ್ಟೆ ತೊಳಸುತ್ತೆ.

---

ಸ್ಟೀರಿಂಗ್ ಹಿಂದೆ · 7:41

ಮಿಸ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹುಡುಗನ ಸೀಟು ಡ್ರೈವರ್ ಹಿಂದೆ ಹಾಕಿ. ಎಡಗಡೆ ಹಾಕಿದ್ರೆ ಅಮ್ಮನ ಸೀಟು ಹಿಂದಕ್ಕೆ ಹೋಗಲ್ಲ, ದಾರಿಯುದ್ದ ಅವನ ಕಾಲು ಅವರ ಸೊಂಟಕ್ಕೆ ಒದೀತಿರುತ್ತೆ.

ಹಾಗೇ ಇವತ್ತೇ ಹೊಸ ಪಾಪುವಿನ ಸೀಟು ಇದ್ರೆ ಒಮ್ಮೆ ಕೂರಿಸಿ ನೋಡಿ. ಅದು ಹಿಂದಕ್ಕೆ ಮುಖ ಮಾಡಿ ಸುಮಾರು 45 ಡಿಗ್ರಿ ವಾಲಿ ಕೂರಬೇಕು. ಸಣ್ಣ ಕಾರಲ್ಲಿ ಅದರ ಮುಂದಿನ ಸೀಟು ತುಂಬಾ ಮುಂದಕ್ಕೆ ಬರುತ್ತೆ, ಅಲ್ಲಿ ಬಾಣಂತಿ ಕೂರೋಕೆ ಆಗಲ್ಲ. ಆಸ್ಪತ್ರೆ ಬಾಗಿಲಲ್ಲಿ ಡಿಸ್ಚಾರ್ಜ್ ದಿನ ಇದು ಗೊತ್ತಾಗೋದಕ್ಕಿಂತ ಇವತ್ತು ಗೊತ್ತಾದ್ರೆ ವಾಸಿ.

---

ಒಗ್ಗರಣೆ ಸೌಟು · 7:52

ಬುತ್ತಿ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಬಂದೆ.

ಮೊಸರನ್ನ. ಅರ್ಧ ಪಾವು ಅಕ್ಕಿ ಮೂವರಿಗೆ ಆಗುತ್ತೆ. ಅಕ್ಕಿ ಒಂದಕ್ಕೆ ನೀರು ನಾಲ್ಕು ಹಾಕಿ ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಸೌಟಲ್ಲಿ ಮಸೆದು, ಕಾಯಿಸಿ ಆರಿಸಿದ ಹಾಲು ಎರಡು ಲೋಟ. ಅನ್ನ ಉಗುರುಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚ ಮೊಸರು, ಉಪ್ಪು. ಬೆಳಿಗ್ಗೆ 7ಕ್ಕೆ ಕಲಸಿದ್ರೆ 11ರ ಹೊತ್ತಿಗೆ ತಾನಾಗೇ ಹೆಪ್ಪಾಗಿ ಸಿಹಿಯಾಗಿರುತ್ತೆ. ಬರೀ ಮೊಸರಲ್ಲೇ ಕಲಸಿದ್ರೆ ಅಷ್ಟರಲ್ಲಿ ಹುಳಿ ಹೊಡೆದು ಎದೆ ಉರಿ ತರಿಸುತ್ತೆ. ಬಿಸಿ ಅನ್ನಕ್ಕೇ ಮೊಸರು ಹಾಕಿದ್ರೆ ಒಡೆದು ನೀರು ಬಿಡುತ್ತೆ. ಹೆಚ್ಚಿನವರು ಎಡವೋದು ಅಲ್ಲೇ. ಒಗ್ಗರಣೆಗೆ ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ತುರಿದ ಶುಂಠಿ. ಹಸಿಮೆಣಸು ಬೇಡ. ಎಂಟು–ಒಂಬತ್ತು ತಿಂಗಳಲ್ಲಿ ಹೊಟ್ಟೆ ಮೇಲಕ್ಕೆ ಒತ್ತಿರುತ್ತೆ, ಕಾರಲ್ಲಿ ಕೂತ್ರೆ ಇನ್ನೂ ಒತ್ತುತ್ತೆ, ತಿಂದಿದ್ದು ಗಂಟಲಿಗೇ ಬರುತ್ತೆ. ಅದಕ್ಕೇ ಒಂದೇ ಸಲ ಹೊಟ್ಟೆ ತುಂಬಾ ಕೊಡಬೇಡಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಹುರಿಗಡಲೆ, ಕಡಲೆಬೀಜ, ಬಾಳೆಹಣ್ಣು, ಎರಡು ಚಪಾತಿ ಸುತ್ತಿಟ್ಕೊಳ್ಳಿ.

ಡಬ್ಬಿ ಬಿಸಿಲಲ್ಲಿ ನಿಂತ ಕಾರಲ್ಲಿ ಬಿಡಬೇಡಿ. ಮುಚ್ಚಿದ ಕಾರು ಅರ್ಧ ಗಂಟೆಗೇ ಒಲೆ.

ದಾರಿ ಬದಿ ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು, ಪಾನಿಪುರಿ ಬೇಡ. ಎಳನೀರು ಕಣ್ಣೆದುರು ಕೆತ್ತಿಸಿ ಕುಡೀಬಹುದು.

---

ಲೇಬರ್ ವಾರ್ಡ್ ನೈಟ್ ಡ್ಯೂಟಿ · 8:06

ನೀರಿನ ಮಾತು ಬಂತು, ಅದಕ್ಕೆ ಒತ್ತಿ ಹೇಳ್ತೀನಿ. ಟಾಯ್ಲೆಟ್ ಸಿಗಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರೋದು ನಮ್ಮ ಹೆಂಗಸರ ಅಭ್ಯಾಸ. ನೀರು ಕಡಿಮೆ ಆದ್ರೆ ಹೊಟ್ಟೆ ಗಟ್ಟಿಯಾಗೋದು ಹೆಚ್ಚುತ್ತೆ, ಮೂತ್ರ ತಡೆದ್ರೆ ಉರಿಮೂತ್ರ, ಅದರಿಂದ ಅವಧಿಗೆ ಮುಂಚೆ ನೋವು ಬರಬಹುದು. ಅರ್ಧ ಗಂಟೆಗೊಮ್ಮೆ ಅರ್ಧ ಲೋಟ ಕುಡೀಲಿ, ಗಂಟೆಗೊಮ್ಮೆ ಟಾಯ್ಲೆಟ್. ಕುಕ್ಕರಗಾಲಲ್ಲಿ ಕೂತು ಏಳೋದು ಈಗ ಕಷ್ಟ, ತಲೆ ಸುತ್ತಬಹುದು. ಕಮೋಡ್ ಇರೋ ಹೋಟೆಲಲ್ಲಿ ಒಂದು ಕಾಫಿ ತಗೊಂಡು ಉಪಯೋಗಿಸಿ. ಟಿಶ್ಯೂ, ಸಣ್ಣ ಸೋಪು, ಒಂದು ಲೀಟರ್ ಬರೀ ತೊಳೆಯೋ ನೀರು ಬೇರೆ ಇರಲಿ. ಒದ್ದೆ ನೆಲಕ್ಕೆ ಹಿಂದೆ ಪಟ್ಟಿ ಇರೋ, ಅಡಿ ಸವೆಯದ ಚಪ್ಪಲಿ.

ಮಗು ಒದೆಯೋದನ್ನ ಹೊರಡೋ ಮುಂಚೆ ಎಣಿಸಿ. ತಿಂಡಿ ಆದ ಮೇಲೆ ಎಡಮಗ್ಗುಲಾಗಿ ಮಲಗಿ, ಎರಡು ಗಂಟೆಯೊಳಗೆ 10 ಸಲ ಆಡಬೇಕು, ಸಾಮಾನ್ಯ ಅಷ್ಟು ಹೊತ್ತು ಬೇಕಾಗಲ್ಲ. ಕಾರಲ್ಲಿ, ಓಡಾಟದಲ್ಲಿ ತಾಯಿಗೆ ಆಟ ಗೊತ್ತಾಗೋದು ಕಡಿಮೆ. ಅದಕ್ಕೇ ಬೆಳಿಗ್ಗೆ ಒಂದು ಸಲ, ವಾಪಸ್ ಬಂದು ಮಲಗಿದಾಗ ಇನ್ನೊಂದು ಸಲ. ಬೆಳಿಗ್ಗೆ ಕಡಿಮೆ ಅನ್ನಿಸಿದ್ರೆ ಪ್ರವಾಸ ರದ್ದು, ನೇರ ಆಸ್ಪತ್ರೆ.

ಹೊಟ್ಟೆ ಗಟ್ಟಿಯಾದ್ರೆ ಕೂತು, ನೀರು ಕುಡಿದು, ಎಡಕ್ಕೆ ಒರಗಿ ನೋಡಿ. ಹೋಗಿಬಿಟ್ರೆ ಅದು ಸುಳ್ಳುನೋವು. ಗಂಟೆಗೆ ನಾಲ್ಕೈದು ಸಲ ಬರ್ತಾ, ವಿಶ್ರಾಂತಿಗೂ ಬಿಡದಿದ್ರೆ ಫೋನ್ ಮಾಡಿ ಹೊರಡಿ. "ಐದು ನಿಮಿಷಕ್ಕೊಮ್ಮೆ ಬರಲಿ" ಅಂತ ಕಾಯೋದು ತುಂಬಿದ ಚೊಚ್ಚಲಿಗೆ. ಎರಡನೇ ಹೆರಿಗೆಗೆ, ಅದೂ 37 ತುಂಬದಾಗ, ಅದು ಬೇಡ. ರಕ್ತ ಕಂಡ್ರೆ, ಜೋರು ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರ್ ಊದಿದ್ರೆ ಕಾಯೋದೇ ಬೇಡ.

ಕಾರಲ್ಲಿ ನೀರು ಒಡೆದ್ರೆ ಏನು ಮಾಡಬೇಕು ಅಂತ ಹೇಳಿಬಿಡ್ತೀನಿ, ಆಗ ಯೋಚನೆ ಓಡಲ್ಲ. ಗಾಡಿ ಪಕ್ಕಕ್ಕೆ ಹಾಕಿ ಟೈಮ್ ನೋಡಿ. ಪ್ಯಾಡ್ ಇಟ್ಕೊಳ್ಳಲಿ, ಅದರ ಬಣ್ಣ ನೋಡಿ. ತಿಳಿ ಅಥವಾ ನಸುಗೆಂಪು ಇದ್ರೆ ಗಾಬರಿ ಬೇಡ, ಆದ್ರೆ ಆಸ್ಪತ್ರೆಗೆ. ಹಸಿರು, ಕಂದು ಇದ್ರೆ ಫೋನಲ್ಲಿ ಅದನ್ನೇ ಮೊದಲು ಹೇಳಿ. ಏನೋ ಹೊಕ್ಕುಳಬಳ್ಳಿ ಥರ ಹೊರಗೆ ತೂಗಿದ್ರೆ ಮುಟ್ಟಬೇಡಿ, ಮೊಣಕಾಲೂರಿ ತಲೆ ಕೆಳಗೆ, ಸೊಂಟ ಮೇಲೆ ಮಾಡಿಸಿ 108ಕ್ಕೆ ಫೋನ್. ತೀರಾ ಮುಕ್ಕರಿಕೆ ಬಂದು ತಲೆ ಕಾಣ್ತಿದೆ ಅಂದ್ರೆ ಗಾಡಿ ಓಡಿಸಬೇಡಿ. ನಿಲ್ಲಿಸಿ, 108ಕ್ಕೆ ಹೇಳಿ, ಬಂದ ಮಗುವನ್ನ ಒರೆಸಿ ತಾಯಿಯ ಬರಿಮೈಗೆ ಅಪ್ಪಿಸಿ ಬಟ್ಟೆ ಹೊದಿಸಿ. ಬಳ್ಳಿ ಕತ್ತರಿಸೋದು, ಮಾಸು ಎಳೆಯೋದು ನಿಮ್ಮ ಕೆಲಸ ಅಲ್ಲ.

ಹೀಗಾಗೋದು ತೀರಾ ಅಪರೂಪ. ಓದಿ ಮಡಚಿಡಿ.

---

ಪುಷ್‌ಪುಲ್ ಪಾಸ್ · 8:20

ಕಾರಿಲ್ಲದವರೂ ಇದನ್ನ ಓದ್ತಿರಬಹುದು. ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ರೈಲಲ್ಲಿ ಹೋದ್ರೆ ಕಾಲು ಚಾಚಬಹುದು, ಎದ್ದು ಓಡಾಡಬಹುದು, ಹಂಪ್ ಇಲ್ಲ. ತೊಡಕು ಅಂದ್ರೆ ಹತ್ತೋ ಇಳಿಯೋ ಮೆಟ್ಟಿಲು ಕಡಿದು, ರೈಲು ಒಂದೆರಡು ನಿಮಿಷವೇ ನಿಲ್ಲೋದು. ಇಳಿಯೋ ಬಾಗಿಲಿಗೆ ಮೊದಲೇ ಬಂದು ಕಂಬಿ ಹಿಡಿದು ನಿಂತಿರಿ. ವಾಪಸ್ ರೈಲಿನ ಟೈಮ್ ನೋಡಿ ಆಮೇಲೆ ಹೊರಡಿ. ಬಸ್ಸಾದ್ರೆ ಹಿಂದಿನ ಚಕ್ರದ ಮೇಲಿನ ಸೀಟು, ಕೊನೇ ಸಾಲು ಬೇಡ, ಮಧ್ಯಕ್ಕಿಂತ ಮುಂದೆ ಕೂರಿ. ಸ್ಕೂಟರ್ ಈ ತಿಂಗಳಲ್ಲಿ ಬೇಡ, ಹತ್ತಿರ ಆದ್ರೂ.

---

ಹಳೇ ಅಗ್ರಹಾರ · 8:31

ಕಾಗದಪತ್ರ. ತಾಯಿ ಕಾರ್ಡ್, ಕೊನೇ ಸ್ಕ್ಯಾನ್, ರಕ್ತದ ಗುಂಪಿನ ವರದಿ, ಆಧಾರ್, ವಿಮೆ ಕಾರ್ಡ್ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿಡಿ. ಎಲ್ಲದರ ಫೋಟೋ ಇಬ್ಬರ ಮೊಬೈಲಲ್ಲೂ ಇರಲಿ. ಹೆರಿಗೆ ಬ್ಯಾಗ್ ಮನೇಲಿ ಬಿಟ್ಟು ಹೋಗೋ ಮಾತಿಲ್ಲ, ಡಿಕ್ಕಿಗೆ ಹಾಕಿ. ಅದರ ಜೊತೆ ಎರಡು ಹಳೇ ಟವೆಲ್, ಸೀಟಿಗೆ ಹಾಸೋಕೆ ಒಂದು ರಬ್ಬರ್ ಶೀಟ್. ಮತ್ತೆ, ಮಗನನ್ನ ಅರ್ಧ ಗಂಟೆಯಲ್ಲಿ ಬಂದು ಕರ್ಕೊಂಡು ಹೋಗೋಕೆ ಯಾರು ಸಿಗ್ತಾರೆ ಅಂತ ಇವತ್ತೇ ಒಬ್ಬರಿಗೆ ಹೇಳಿಡಿ. ಲೇಬರ್ ವಾರ್ಡ್ ಬಾಗಿಲಲ್ಲಿ ನಾಲ್ಕು ವರ್ಷದ ಹುಡುಗನನ್ನ ಕೈಲಿ ಹಿಡ್ಕೊಂಡು ನಿಂತ ಅಪ್ಪಂದಿರು ಎರಡೂ ಕಡೆಗೆ ಸಲ್ಲಲ್ಲ.

---

ಕುಕ್ಕರಹಳ್ಳಿ ದಂಡೆ · 8:50

ಹೀಗೆ ಹಾಕ್ಕೊಂಡಿದ್ದೀನಿ, ತಪ್ಪಿದ್ರೆ ತಿದ್ದಿ. 7ಕ್ಕೆ ತಿಂಡಿ, ಒದೆ ಎಣಿಕೆ. 8:15ಕ್ಕೆ ಬಿಡೋದು. 9ಕ್ಕೆ ರಂಗನತಿಟ್ಟು. 10:45ಕ್ಕೆ ಅಲ್ಲಿಂದ ಶ್ರೀರಂಗಪಟ್ಟಣದ ದರಿಯಾ ದೌಲತ್ (ಟಿಪ್ಪುವಿನ ಬೇಸಿಗೆ ಅರಮನೆ), ಹುಲ್ಲು ಹಾಸಿನ ಮೇಲೆ ಊಟ. ಅಲ್ಲಿಂದ ಕಾವೇರಿ ಸಂಗಮ. 2ಕ್ಕೆ ಮನೆ. ಸಂಜೆ 7ಕ್ಕೆ ಅರಮನೆ ದೀಪ.

---

ದುರ್ಬೀನು · 8:57

ಸಂಗಮ ತೆಗೀರಿ. ಇಳಿಯೋ ಮೆಟ್ಟಿಲು ಪಾಚಿ, ಜಾರುತ್ತೆ, ಹುಡುಗ ನೀರಿಗೆ ಓಡ್ತಾನೆ, ಹಿಡಿಯೋಕೆ ಅವರು ಬಗ್ಗಬೇಕಾಗುತ್ತೆ. ದರಿಯಾ ದೌಲತ್ ಸರಿ. 1784ರ ತೋಟದ ಅರಮನೆ, ನಡೆಯೋ ದಾರಿ ಸಮ. ಗೋಡೆ ಮೇಲೆ ಬ್ರಿಟಿಷರ ಜೊತೆಗಿನ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಆನೆ ಕುದುರೆ ಎಣಿಸೋಕೆ ಹುಡುಗನಿಗೆ ಹೇಳಿ, ಕಾಲು ಗಂಟೆ ಸುಮ್ಮನಿರ್ತಾನೆ. ಊಟ ಒಳಗಲ್ಲ, ಸ್ಮಾರಕದ ಹುಲ್ಲಲ್ಲಿ ಬುತ್ತಿ ಬಿಚ್ಚಿದ್ರೆ ಕಾವಲಿನವರು ಎಬ್ಬಿಸ್ತಾರೆ. ಹೊರಗೆ ಮರದ ನೆರಳಲ್ಲಿ, ಚಾಪೆ ಬೇಡ, ಮಡಚೋ ಕುರ್ಚಿ ಒಯ್ಯಿರಿ. ನೆಲಕ್ಕೆ ಕೂತ್ರೆ ಏಳೋದು ಇಬ್ಬರ ಕೆಲಸ.

---

ಸ್ಟೀರಿಂಗ್ ಹಿಂದೆ · 9:03

ಬೆಂಗಳೂರು ಹೆದ್ದಾರಿಯ ಮೇನ್ ರೋಡ್ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಮೇಲೆ ಎಕ್ಸಿಟ್ ತಪ್ಪಿದ್ರೆ ಮುಂದಿನದ್ದರವರೆಗೆ ತಿರುಗೋಕೆ ಆಗಲ್ಲ. ಪಾರ್ಕಿಂಗ್‌ನಲ್ಲಿ ರಿವರ್ಸ್ ಹಾಕಿ ಮೂತಿ ಗೇಟ್ ಕಡೆ ಇರೋ ಹಾಗೆ ನಿಲ್ಲಿಸಿ, ಎಡಗಡೆ ಬಾಗಿಲು ಪೂರ್ತಿ ತೆರೆಯೋಷ್ಟು ಜಾಗ ಬಿಡಿ. ಅರ್ಧ ತೆರೆದ ಬಾಗಿಲಲ್ಲಿ ಈ ಹೊಟ್ಟೆ ಹೊರಗೆ ಬರಲ್ಲ. ಇಳಿಯುವಾಗ ಎರಡೂ ಕಾಲು ಒಟ್ಟಿಗೆ ಹೊರಗೆ ತಿರುಗಿಸಿ ಆಮೇಲೆ ಏಳಲಿ. ಒಂದೊಂದೇ ಕಾಲು ಹಾಕಿದ್ರೆ ಆ ಕೀಲಿಗೇ ನೋವು. ಸೀಟಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಸಿದ್ರೆ ಸರಾಗ ತಿರುಗುತ್ತೆ, ಗಾಡಿ ಓಡುವಾಗ ಮಾತ್ರ ತೆಗೆದಿಡಿ.

ಅರಮನೆ ದೀಪ ಸಂಜೆ ನೋಡ್ಕೊಳ್ಳಿ. ಮಧ್ಯಾಹ್ನ ನಿದ್ದೆ ಆಗದಿದ್ರೆ ಬೇಡ. ಆದ್ರೂ ಗೇಟೊಳಗಿನ ನೂಕಲಿಗೆ ಹೋಗದೆ ಹೊರಗಿಂದ.

---

ಲೇಬರ್ ವಾರ್ಡ್ ನೈಟ್ ಡ್ಯೂಟಿ · 9:10

2ಕ್ಕೆ ಮನೆ ಅನ್ನೋದನ್ನ 12:30 ಮಾಡಿ. ಬಿಸಿಲು ಏರೋ ಹೊತ್ತಿಗೆ ಅವರು ಮಲಗಿರಬೇಕು, ಕಾಲು ದಿಂಬಿನ ಮೇಲೆ. 10:45ಕ್ಕೇ ಅವರಿಗೆ ಸಾಕು ಅನ್ನಿಸಿದ್ರೆ ದರಿಯಾ ದೌಲತ್ ಬಿಟ್ಟು ಮನೆಗೆ. "ಇನ್ನೊಂದೇ ಒಂದು" ಅಂತ ನೀವು ಅನ್ನಬೇಡಿ. ಡಾಕ್ಟರಿಗೆ ಫೋನ್ ಮಾಡಿದ್ರಾ?

---

ಕುಕ್ಕರಹಳ್ಳಿ ದಂಡೆ · 9:34

ಮಾಡಿದೆ ಮೇಡಂ, ನೀವು ಹೇಳಿದ ಹಾಗೇ ಕೇಳಿದೆ. ಫೈಲ್‌ನಲ್ಲಿ ಅಡ್ಡಿ ಇಲ್ಲ, ಮಧ್ಯಾಹ್ನದೊಳಗೆ ಬನ್ನಿ, ದೋಣಿ ಬೇಡ ಅಂದ್ರು. ಸಂಗಮ ತೆಗೆದೆ. ಪಾಪುವಿನ ಸೀಟು ಕೂರಿಸಿ ನೋಡಿದೆ, ಮುಂದಿನ ಸೀಟು ಡ್ಯಾಶ್‌ಬೋರ್ಡಿಗೇ ಅಂಟಿತು. ಬ್ಯಾಗ್ ಡಿಕ್ಕಿಯಲ್ಲಿದೆ. ಮಗ ಮಲಗಿದ್ದಾನೆ, ಅವನಿಗಿನ್ನೂ ಹೇಳಿಲ್ಲ. ಸೌಟು ಅವರೇ, ಹಾಲು ಎರಡು ಲೋಟ ಅಂದಿರಲ್ಲ, ಅದು ಕಾಫಿ ಲೋಟವೋ ನೀರಿನ ಲೋಟವೋ?

---

ಒಗ್ಗರಣೆ ಸೌಟು · 9:37

ಕಾಫಿ ಲೋಟ. ಗಟ್ಟಿ ಅನ್ನಿಸಿದ್ರೆ ಇನ್ನರ್ಧ. ಡಬ್ಬಿಯಲ್ಲಿ ಕೂತು ಇನ್ನೂ ಗಟ್ಟಿಯಾಗುತ್ತೆ, ಈಗ ಸ್ವಲ್ಪ ನೀರಾಗೇ ಇರಲಿ.